ಟ್ರಿನಿಡಾಡಿನ ತಾಬೂತುಗಳು

1845ರ ಮೇ 30ರಂದು ಫತೆಲ್ ರಜಾಕ್ ಎಂಬ ಹಡಗು ಇನ್ನೂರಕ್ಕೂ ಹೆಚ್ಚು ಭಾರತೀಯ ಕೂಲಿಗಳನ್ನು ಹೊತ್ತು ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪ ತಲುಪಿತು. ಗುಲಾಮಗಿರಿ ರದ್ದಾಗಿತ್ತು, ಬ್ರಿಟಿಷರ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾಗಿದ್ದರು. 1917ರವರೆಗೆ ಹೀಗೆ ಕರಾರಿನ ಮೇಲೆ ಹೋದವರು ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು. ಹೆಚ್ಚಿನವರು ಅವಧ್, ಬಿಹಾರಗಳ ಕಡೆಯ ಹಿಂದೂಗಳು. ಮುಸಲ್ಮಾನರು ಕೆಲವರೇ. ಆದರೂ ಅವರೆಲ್ಲ ಸೇರಿ ತಮ್ಮದೆಂದು ಬೀದಿಗೆ ತಂದ ಹಬ್ಬ ಮೊಹರಂ.

ಅಲ್ಲಿ ಅದಕ್ಕೆ 'ಹೋಸೆ' ಎನ್ನುತ್ತಾರೆ. 'ಹುಸೇನ್, ಹುಸೇನ್' ಎಂಬ ಕೂಗೇ ಸವೆದು ಈ ಹೆಸರಾಯಿತು. ಬಿದಿರು, ಬಣ್ಣದ ಕಾಗದಗಳ ತಾಬೂತು ಕಟ್ಟುತ್ತಾರೆ, ತಾಷಾ ಬಾರಿಸುತ್ತಾರೆ, ಕಡೆಗೆ ತಾಬೂತನ್ನು ಸಮುದ್ರಕ್ಕೆ ಬಿಡುತ್ತಾರೆ. ಕರ್ಬಲಾ ಇರುವುದು ಇರಾಕಿನಲ್ಲಿ. ಆದರೆ ಈ ಕೂಲಿಗಳಿಗೆ ಅದು ನೆನಪಿಸುತ್ತಿದ್ದುದು ತಾವು ಬಿಟ್ಟುಬಂದ ಊರಿನ ಓಣಿಗಳನ್ನು. ಮುಸಲ್ಮಾನರ ಒಂದು ಮನೆಯೂ ಇಲ್ಲದ ಊರಲ್ಲಿ ಪಂಜಾ ಕೂರಿಸುವ ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತೋಟಕ್ಕೊಂದು ತಾಬೂತು. ಯಾರದು ಮುಂದೆ ಹೋಗಬೇಕೆಂದು ಜಗಳಗಳೂ ಆಗುತ್ತಿದ್ದವು. ಚೀಟಿಯಿಲ್ಲದೆ ತೋಟದ ಗಡಿ ದಾಟುವಂತಿರಲಿಲ್ಲ, ದಾಟಿದರೆ ಜೈಲು. ಅಂಥವರು ವರ್ಷಕ್ಕೊಮ್ಮೆ ಸಾವಿರಾರು ಸಂಖ್ಯೆಯಲ್ಲಿ ಹೆದ್ದಾರಿಗೆ ಬಂದರೆ ದೊರೆಗಳಿಗೆ ದಿಗಿಲಾಗದೆ ಇರುತ್ತದೆಯೇ? 1884ರ ಹೊತ್ತಿಗೆ ಯುರೋಪಿನ ಬೀಟ್ ಸಕ್ಕರೆಯಿಂದಾಗಿ ಕಬ್ಬಿನ ಸಕ್ಕರೆಯ ಬೆಲೆ ಕುಸಿದಿತ್ತು. ತೋಟದ ಮಾಲೀಕರು ಅದೇ ಕೂಲಿಗೆ ಹೆಚ್ಚು ದುಡಿಸತೊಡಗಿದ್ದರು, ಮುಷ್ಕರಗಳು ನಡೆದಿದ್ದವು. ಮೆರವಣಿಗೆಗಳು ಪಟ್ಟಣ ಪ್ರವೇಶಿಸಬಾರದೆಂದು ಸರ್ಕಾರ ಆಜ್ಞೆ ಹೊರಡಿಸಿತು. ಕೂಲಿಗಳು ಮನವಿ ಕೊಟ್ಟರು. ಅದು ತಿರಸ್ಕೃತವಾಯಿತು.

ಅಕ್ಟೋಬರ್ 30ರಂದು ಅವರು ತಾಬೂತು ಹೊತ್ತು ಸ್ಯಾನ್ ಫರ್ನಾಂಡೊ ಪಟ್ಟಣದತ್ತ ನಡೆದೇಬಿಟ್ಟರು. ಪಟ್ಟಣದ ಬಾಗಿಲಲ್ಲೇ ಪೊಲೀಸರು ಗುಂಡು ಹಾರಿಸಿದರು. ಕನಿಷ್ಠ 16 ಮಂದಿ ಸತ್ತರು, ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸತ್ತವರಲ್ಲಿ ಹಿಂದೂಗಳೂ ಇದ್ದರು. ವಿಚಾರಣೆಗೆ ಬಂದ ಜಮೈಕಾದ ಗವರ್ನರ್ ಹೆನ್ರಿ ನಾರ್ಮನ್ ಅಧಿಕಾರಿಗಳದು ತಪ್ಪಿಲ್ಲ ಎಂದು ವರದಿ ಬರೆದ. ಎಲ್ಲ ಕಾಲದಲ್ಲೂ ಇಂಥ ವರದಿಗಳ ಭಾಷೆ ಒಂದೇ.

ಹೋಸೆ ಈಗಲೂ ನಡೆಯುತ್ತದೆ. ಇದು ಬಿದಅತ್ ಎಂದು ಅಲ್ಲಿನ ಕೆಲವು ಉಲೇಮಾಗಳು ಬೇಸರಪಡುತ್ತಾರೆ. ಶೋಕದ ದಿನ ಕಾರ್ನಿವಲ್ ಆಗುತ್ತಿದೆ, ಕುಡಿತವೂ ಸೇರಿಕೊಂಡಿದೆ ಎಂಬ ದೂರೂ ಇದೆ. ಎರಡನೆಯ ಮಾತಿನಲ್ಲಿ ಹುರುಳಿದೆ. ಮೊದಲನೆಯದನ್ನು ನಾನು ಆಲಿಮರಿಗೇ ಬಿಡುತ್ತೇನೆ. ಆದರೆ ಅನಕ್ಷರಸ್ಥರ ಮೌಢ್ಯವೆಂದು ಇದನ್ನು ತಳ್ಳಿಹಾಕುವವರು 1884ನ್ನು ಓದಬೇಕು. ಯಜೀದನ ಎದುರು ನಿಂತ ಇಮಾಮರ ಕಥೆ ಆ ಕೂಲಿಗಳಿಗೆ ಚೆನ್ನಾಗಿಯೇ ಅರ್ಥವಾಗಿತ್ತು.

ರಾಜಧಾನಿ ಪೋರ್ಟ್ ಆಫ್ ಸ್ಪೇನಿನ ಸೇಂಟ್ ಜೇಮ್ಸ್ ಬಡಾವಣೆಯಲ್ಲಿ ಇಂದಿಗೂ ಹಸಿರು, ಕೆಂಪು ಬಣ್ಣದ ಎರಡು ದೊಡ್ಡ ಅರ್ಧಚಂದ್ರಗಳನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಹಸಿರು ಹಸನರದು, ಕೆಂಪು ಹುಸೇನರದು. ತಾಷಾ ಬಾರಿಸುವವರಲ್ಲಿ ಆಫ್ರಿಕನ್ ಮೂಲದವರೂ ಇರುತ್ತಾರೆ. ಆ ಬಡಾವಣೆಯ ಬೀದಿಗಳ ಹೆಸರು ದೆಹಲಿ, ಲಖನೌ, ಕಲ್ಕತ್ತಾ, ಮದ್ರಾಸ್.