ಕುರ್ದೂ ಸ್ವಾಮಿಯ ಬರಹ, ದುಬುವಾ ಸ್ವಾಮಿಯ ಹೆಸರು

ಹೊಳಲ್ಕೆರೆ ತಾಲ್ಲೂಕಿನ ಶಿಲಾಶಾಸನವೊಂದನ್ನು ಉಲ್ಲೇಖಿಸುವ ಸಂಶೋಧಕನಿಗೆ ಗುರುತಿನ ತೊಡಕಿಲ್ಲ. ಬಿ. ಎಲ್. ರೈಸ್ ಅವರು 1903ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೆಯ ಸಂಪುಟವು ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ ಒಂದೊಂದಕ್ಕೂ ಕ್ರಮಸಂಖ್ಯೆ ಕೊಟ್ಟಿದೆ. ಹೊಳಲ್ಕೆರೆ ಎಂದು ಬರೆದು ಮುಂದೆ ಅಂಕಿಯನ್ನಿಟ್ಟರೆ ಸಾಕು, ಮೈಸೂರಿನ ಓದುಗನೂ ಲಂಡನ್ನಿನ ಓದುಗನೂ ಅದೇ ಕಲ್ಲಿನ ಮುಂದೆ ಬಂದು ನಿಲ್ಲುತ್ತಾರೆ.

ಬರೆಯುವ ಮನುಷ್ಯನಿಗೆ ಅಂತಹ ಸಂಖ್ಯೆ ದೊರೆತದ್ದು ತೀರ ಈಚೆಗೆ. 2012ರಲ್ಲಿ ಆರಂಭವಾದ ಓರ್ಕಿಡ್ ವ್ಯವಸ್ಥೆಯು ಪ್ರತಿಯೊಬ್ಬ ಸಂಶೋಧಕನಿಗೂ 16 ಸ್ಥಾನಗಳ ಗುರುತುಸಂಖ್ಯೆಯನ್ನು ನೀಡುತ್ತದೆ. ಅದಕ್ಕೂ ಮೊದಲು, 2005ರಲ್ಲಿ, ಭೌತವಿಜ್ಞಾನಿ ಹಿರ್ಶ್ ಎಚ್-ಸೂಚ್ಯಂಕವನ್ನು ಮುಂದಿಟ್ಟಿದ್ದರು. ಒಬ್ಬನ 10 ಲೇಖನಗಳು ತಲಾ 10 ಬಾರಿಯಾದರೂ ಉಲ್ಲೇಖಗೊಂಡಿದ್ದು, 11 ಲೇಖನಗಳು ತಲಾ 11ರ ಮಟ್ಟ ಮುಟ್ಟದಿದ್ದರೆ ಅವನ ಸೂಚ್ಯಂಕ 10. ಈ ಎಣಿಕೆಯ ಅಡಿಯಲ್ಲಿ ಒಂದು ನಂಬಿಕೆಯಿದೆ: ಮುಖಪುಟದಲ್ಲಿರುವ ಹೆಸರೇ ಬರೆದವನ ಹೆಸರು. ನಮ್ಮ ನಾಡಿನ ಧರ್ಮಸಭೆಯ ಚರಿತ್ರೆಯಲ್ಲಿ ಈ ನಂಬಿಕೆ 170 ವರ್ಷ ಪ್ರಶ್ನೆಯಿಲ್ಲದೆ ನಡೆದುಕೊಂಡು ಬಂದ ಪ್ರಸಂಗವೊಂದುಂಟು.

ಪ್ಯಾರಿಸ್ ವಿದೇಶಿ ಮಿಷನ್ ಸಂಘದ ಯಾಜಕರಾದ ಅಬ್ಬೆ ದುಬುವಾ 1792ರಲ್ಲಿ ಭಾರತಕ್ಕೆ ಬಂದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಕೂಡಿಸಲು ಮೈಸೂರು ಸೀಮೆಗೆ ಬಂದು ನೆಲೆಸಿದರು. ಜನ ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆದರು. ಹಿಂದೂಗಳ ಆಚಾರವಿಚಾರಗಳನ್ನು ಕುರಿತ ಅವರ ಫ್ರೆಂಚ್ ಹಸ್ತಪ್ರತಿಯನ್ನು ಮದರಾಸು ಸರ್ಕಾರ 2,000 ವರಹಗಳಿಗೆ ಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಅಚ್ಚಾಯಿತು. ಬೋಶಾಂ ಸಂಪಾದಿಸಿದ 1897ರ ಆವೃತ್ತಿಗೆ ಮ್ಯಾಕ್ಸ್ ಮುಲ್ಲರ್ ಅವರೇ ಮುನ್ನುಡಿ ಬರೆದರು. ಆಡಳಿತಗಾರರು, ಪಾದ್ರಿಗಳು, ಸಮಾಜಶಾಸ್ತ್ರಜ್ಞರು ಎಲ್ಲರೂ ಅದನ್ನು ಉಲ್ಲೇಖಿಸಿದರು. ಇಂದಿನ ಅಳತೆಗೋಲು ಅಂದು ಇದ್ದಿದ್ದರೆ ದುಬುವಾ ಅವರ ಪ್ರಭಾವದ ಅಂಕಿ ಬಹಳ ಎತ್ತರದಲ್ಲಿ ನಿಲ್ಲುತ್ತಿತ್ತು.

1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮುರ್ ಎರಡು ಸಂಪುಟಗಳಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯದಲ್ಲಿ, ಡೆವೋ ಎಂಬ ಫ್ರೆಂಚ್ ಸೇನಾಧಿಕಾರಿ 1777ರ ಸುಮಾರಿಗೆ ಸಿದ್ಧಪಡಿಸಿದ್ದ ಹಸ್ತಪ್ರತಿಯೊಂದು ಅವರಿಗೆ ದೊರೆತಿತ್ತು. ಅದನ್ನು ದುಬುವಾ ಅವರ ಗ್ರಂಥದೊಡನೆ ಹೋಲಿಸಿ, ಎರಡರ ಮೂಲವೂ ಪುದುಚೇರಿಯ ಯೇಸುಸಭೆಯ ಯಾಜಕ ಗಾಸ್ತೋಂ-ಲೊರಾಂ ಕುರ್ದೂ (1691–1779) ಅವರ ಬರಹವೆಂದು ಮುರ್ ತೋರಿಸಿದರು. ಗ್ರಂಥದಲ್ಲಿ ದುಬುವಾ ಈ ಋಣವನ್ನು ಒಪ್ಪಿಕೊಂಡಿರಲಿಲ್ಲ.

ಇದನ್ನು ಕಳವು ಎಂದು ಕರೆದು ಮುಗಿಸಿಬಿಡುವುದು ಸುಲಭ. ನಾವು ಹಾಗೆ ಮಾಡಲಾರೆವು. 1773ರಲ್ಲಿ ವಿಶ್ವಗುರುಗಳು ಯೇಸುಸಭೆಯನ್ನೇ ರದ್ದುಗೊಳಿಸಿದ್ದರು. ಅದರ ಪುದುಚೇರಿ ಮಿಷನ್ 1776ರಲ್ಲಿ ದುಬುವಾ ಅವರ ಸಂಘದ ಕೈಗೆ ಬಂತು. ಮಿಷನ್‌ಗಳಲ್ಲಿ ಹಿರಿಯರ ಬರಹಗಳನ್ನು ಕಿರಿಯರು ನಕಲು ಮಾಡಿ, ತಿದ್ದಿ, ತಮ್ಮದನ್ನೂ ಸೇರಿಸಿ ಬಳಸುತ್ತಿದ್ದುದು ಅಂದಿನ ರೂಢಿಯೇ. ಆದರೆ ಮಠದೊಳಗೆ ಕೈಯಿಂದ ಕೈಗೆ ಸಾಗುವ ಟಿಪ್ಪಣಿ ಬೇರೆ, ಸರ್ಕಾರಕ್ಕೆ ಮಾರಿದ ಹಸ್ತಪ್ರತಿ ಬೇರೆ. 2,000 ವರಹಗಳು ಕೈಗೆ ಬಂದಾಗ ರೂಢಿಯ ಸಮರ್ಥನೆ ಸಡಿಲವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಕುರ್ದೂ ಅವರಿಗೆ ಇಂತಹ ನಷ್ಟ ಇದೊಂದೇ ಅಲ್ಲ. ಸಂಸ್ಕೃತ, ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳ ಸಾಮ್ಯವನ್ನು ಗುರುತಿಸಿ 1767ರಲ್ಲಿಯೇ ಅವರು ಪ್ಯಾರಿಸ್ಸಿನ ಅಕಾಡೆಮಿಗೆ ಬರೆದಿದ್ದರು. ಆ ಪತ್ರ ಅಚ್ಚಾದದ್ದು 1808ರಲ್ಲಿ. ಅಷ್ಟರಲ್ಲಿ 1786ರ ಕಲ್ಕತ್ತದ ಭಾಷಣದಿಂದ ಸರ್ ವಿಲಿಯಂ ಜೋನ್ಸ್ ಅದೇ ವಿಚಾರಕ್ಕೆ ಹೆಸರಾಗಿದ್ದರು. ಜೋನ್ಸ್ ಯಾರಿಂದಲೂ ಕದ್ದವರಲ್ಲ. ಪತ್ರ ತಡವಾಯಿತು, ಅಷ್ಟೆ. ಉಲ್ಲೇಖಗಳ ಎಣಿಕೆಗೆ ಮಾತ್ರ ತಡವಾದ ಪತ್ರವೂ ಬರೆಯದೆ ಉಳಿದ ಪತ್ರವೂ ಒಂದೇ.

ದುಬುವಾ ಅವರ ನಿಜವಾದ ಹಿರಿಮೆಯ ಲೆಕ್ಕವಾದರೋ ಬೇರೆ ಕಡೆ ಇದೆ. 1803–04ರಲ್ಲಿ ಸಿಡುಬಿನ ವಿರುದ್ಧ 25,000ಕ್ಕೂ ಹೆಚ್ಚು ಜನರಿಗೆ ಅವರ ಮುಂದಾಳತನದಲ್ಲಿ ದೇವಿ ಹಾಕಿಸಿ ದಾಖಲು ಮಾಡಲಾಯಿತು. ಹಾಸನ ಸೀಮೆಯ ಸತ್ತಿಹಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆಯನ್ನು ಕಲ್ಪಿಸಿದರು. ಈ ಯಾವುದಕ್ಕೂ ಮತ್ತೊಬ್ಬರ ಹಸ್ತಪ್ರತಿ ಬೇಕಿರಲಿಲ್ಲ.

ಇಷ್ಟನ್ನು ಇಲ್ಲಿ ನೆನೆಯಲು ಕಾರಣ ನಮ್ಮ ಗುರುಮಠಗಳಲ್ಲಿಯೇ ಇದೆ. ಕನ್ನಡದಲ್ಲಿ ದೈವಶಾಸ್ತ್ರ ಬೋಧಿಸಿದ ಹಿರಿಯ ಯಾಜಕರ ತರಗತಿ ಟಿಪ್ಪಣಿಗಳು ಸೈಕ್ಲೋಸ್ಟೈಲ್ ಪ್ರತಿಗಳಾಗಿ, ಹೆಸರಿಲ್ಲದೆ, ಇನ್ನೂ ಕೈಯಿಂದ ಕೈಗೆ ಸಾಗುತ್ತಿವೆ. ಅವುಗಳಿಂದ ಎತ್ತಿಕೊಂಡ ಪುಟಗಳು ಕಿರಿಯರ ಲೇಖನಗಳಾಗಿ, ಅವರ ಗುರುತುಸಂಖ್ಯೆಯ ಕೆಳಗೆ ದಾಖಲಾಗುವುದಕ್ಕೆ ಈಗ ಯಾವ ಅಡ್ಡಿಯೂ ಇಲ್ಲ. ಒಂದು ಪುಟದ ಕೈಬರಹವನ್ನು ನೋಡಿ ಇದು ಇಂತಹ ಸ್ವಾಮಿಯವರದೆಂದು ಹೇಳಬಲ್ಲ ವಯೋವೃದ್ಧರು ನಿವೃತ್ತ ಯಾಜಕರ ನಿಲಯಗಳಲ್ಲಿ ಇನ್ನೂ ಕೆಲವರು ಇದ್ದಾರೆ.