ಆಟದ ದೋಣಿ

ಕನ್ನಡ ಪಾಠ ಹೇಳಿ ಜೀವನ ಸಾಗಿಸುವ ನನಗೆ ದೋಣಿಯೆಂಬುದು ಬಹುಕಾಲ ಒಂದು ರೂಪಕವಷ್ಟೇ ಆಗಿತ್ತು. ಸಂಸಾರವೆಂಬ ಸಾಗರ, ಅದನ್ನು ದಾಟಿಸುವ ನಾವೆ, ಹುಟ್ಟು ಹಿಡಿದ ಗುರು - ಇಷ್ಟಕ್ಕೆ ನನ್ನ ನೌಕಾಶಾಸ್ತ್ರ ಮುಗಿಯುತ್ತಿತ್ತು. ಕಳೆದ ಬೇಸಗೆಯಲ್ಲಿ ಅಣ್ಣನ ಮಗ ಎಂಜಿನಿಯರಿಂಗ್ ಕಾಲೇಜಿನ ರಜಕ್ಕೆಂದು ಬಂದು, ನಮ್ಮ ನಡುಮನೆಯನ್ನೇ ಹಡಗುಕಟ್ಟೆ ಮಾಡಿದ ಮೇಲೆ ಆ ಅಜ್ಞಾನಕ್ಕೆ ಸ್ವಲ್ಪ ಭಂಗ ಬಂತು.

ಅವನು ಕಟ್ಟಿದ್ದು ಒಂದೂವರೆ ಮೊಳ ಉದ್ದದ ದೋಣಿ. ತೆಳು ಪ್ಲೈವುಡ್ಡಿನ ಒಡಲು, ಲಿಥಿಯಂ ಬ್ಯಾಟರಿ, ಅಂಗೈಯಲ್ಲಿ ಅಡಗುವ ಮೋಟಾರು, ಅರ್ಧ ನೀರಿನಲ್ಲಿ ಅರ್ಧ ಗಾಳಿಯಲ್ಲಿ ತಿರುಗುವ ಪ್ರೊಪೆಲರ್. ದಡದಲ್ಲಿ ನಿಂತು ರೇಡಿಯೋ ಮೂಲಕ ಅದನ್ನು ನಡೆಸಬೇಕು. ಎರಡು ಬಾವುಟಗಳ ನಡುವಣ ನೂರು ಮೀಟರನ್ನು ಅದು ನೇರವಾಗಿ ಓಡಿ, ಹಿಂತಿರುಗಿ ಮತ್ತೆ ಓಡಬೇಕು. ಗಾಳಿ ಒಂದು ಕಡೆಗೆ ಮಾಡಿದ ಉಪಕಾರವನ್ನು ಇನ್ನೊಂದು ಕಡೆಗೆ ಕಸಿದುಕೊಳ್ಳುವುದರಿಂದ, ಎರಡರ ಸರಾಸರಿಯೇ ನಿಜವಾದ ವೇಗ.

ಊರಾಚೆಯ ಕೆರೆಯ ಏರಿಯ ಮೇಲೆ ಗಡಿಯಾರ ಹಿಡಿದು ನಿಲ್ಲುವ ಕೆಲಸ ನನ್ನದಾಯಿತು. ದೋಣಿ ಹೋಗುವಾಗ ಬಾಣದಂತೆ ಹೋಯಿತು. ಹುಡುಗ ಹಿಗ್ಗಿನಲ್ಲಿ ತಡಮಾಡದೆ ತಿರುಗಿಸಿದ. ಅರ್ಧ ದಾರಿಗೆ ಬರುವಷ್ಟರಲ್ಲಿ ದೋಣಿ ಮೂತಿಯೆತ್ತಿ, ಗಾಳಿಯಲ್ಲಿ ಒಂದು ಲಾಗ ಹಾಕಿ, ಬೆನ್ನಡಿಯಾಗಿ ಬಿತ್ತು.

"ಅಲೆ ಅಡಗುವವರೆಗೂ ಕಾಯಬೇಕಿತ್ತು, ಚಿಕ್ಕಪ್ಪ. ಅದು ಎಬ್ಬಿಸಿದ ಅಲೆಯೇ ಅದನ್ನು ಎತ್ತಿ ಹಾಕಿತು" ಎಂದ.

ಮನೆಗೆ ಬಂದಾಗ ನನ್ನ ಪಂಚೆಯ ಕೆಸರನ್ನು ನೋಡಿ ನನ್ನಾಕೆ, "ಅವನೇನೋ ಹುಡುಗ. ನಿಮಗೂ ಈ ವಯಸ್ಸಿನಲ್ಲಿ ಆಟವೆ?" ಎಂದಳು. ಉತ್ತರ ತೋಚಲಿಲ್ಲ. ಉತ್ತರ ತೋಚದಾಗ ಮೇಷ್ಟರುಗಳು ಪುಸ್ತಕ ಬಿಚ್ಚುತ್ತಾರೆ. ಹಾಗೆ ಬಿಚ್ಚಿದಾಗ ತಿಳಿದುಬಂದದ್ದು, ಈ ಪ್ರಶ್ನೆಯನ್ನು ನನಗಿಂತ ದೊಡ್ಡವರೂ ಕೇಳಿಸಿಕೊಂಡಿದ್ದರು ಎಂಬುದು.

ಅವರಲ್ಲಿ ಮೊದಲಿಗ ಇಂಗ್ಲೆಂಡಿನ ವಿಲಿಯಂ ಫ್ರೌಡ್. 1867ರಲ್ಲಿ ಆತ ಡಾರ್ಟ್ ನದಿಯಲ್ಲಿ ಸಣ್ಣ ದೋಣಿಗಳನ್ನು ಎಳೆಸಿ ನೋಡುತ್ತಿದ್ದ. 'ರೇವನ್' ಎಂಬುದರ ಮೂತಿ ಚೂಪು. 'ಸ್ವಾನ್' ಎಂಬುದರದು ತುಂಬಿದ ಮೂತಿ. ಚೂಪಾದದ್ದೇ ಸದಾ ಸಲೀಸಾಗಿ ಹೋಗಬೇಕೆಂದು ನಾವು ಊಹಿಸುತ್ತೇವೆ. ಆದರೆ ವೇಗ ಹೆಚ್ಚಿದಾಗ ತುಂಬಿದ ಮೂತಿಯದಕ್ಕೇ ನೀರಿನ ತಡೆ ಕಡಿಮೆಯಾಯಿತು. ಇಂಥ ಪ್ರಯೋಗಗಳಿಂದ ಫ್ರೌಡ್ ಒಂದು ನಿಯಮ ಕಂಡುಕೊಂಡ: ಮಾದರಿಯ ವೇಗವನ್ನು ಉದ್ದದ ವರ್ಗಮೂಲಕ್ಕೆ ಹೊಂದಿಸಿದರೆ, ಅದು ಎಬ್ಬಿಸುವ ಅಲೆಗಳು ದೊಡ್ಡ ಹಡಗಿನ ಅಲೆಗಳದೇ ಪಡಿಯಚ್ಚಾಗುತ್ತವೆ. ಹಡಗು ಮಾದರಿಗಿಂತ 16 ಪಾಲು ಉದ್ದವಾಗಿದ್ದರೆ, ಮಾದರಿಯನ್ನು ಹಡಗಿನ ವೇಗದ ನಾಲ್ಕನೆಯ ಒಂದು ಪಾಲಿನಲ್ಲಿ ಓಡಿಸಿದರೆ ಸಾಕು.

ಹಡಗು ಕಟ್ಟುವ ಅನುಭವಸ್ಥರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಆಟದ ದೋಣಿಯ ಲೆಕ್ಕವನ್ನು ನಂಬಿ ಯುದ್ಧನೌಕೆ ಕಟ್ಟುವುದುಂಟೆ? ಆದರೂ ಬ್ರಿಟಿಷ್ ನೌಕಾಡಳಿತ ಹಣ ಕೊಟ್ಟಿತು. 1870ರ ದಶಕದ ಆರಂಭದಲ್ಲಿ ಟಾರ್ಕಿ ಪಟ್ಟಣದ ತನ್ನ ಮನೆಯ ಬಳಿ ಫ್ರೌಡ್ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ, ಮೇಣದ ಮಾದರಿಗಳನ್ನು ಅದರಲ್ಲಿ ಎಳೆಸಿದ. 'ಗ್ರೇಹೌಂಡ್' ಎಂಬ ನಿಜವಾದ ಹಡಗನ್ನು ಇನ್ನೊಂದು ಹಡಗಿನಿಂದ ಎಳೆಸಿ ತಡೆಯನ್ನು ಅಳೆದಾಗ, ಮಾದರಿಯ ಲೆಕ್ಕ ಅದಕ್ಕೆ ಹೊಂದಿತು. ಅಂದಿನಿಂದ ಆಟಿಕೆ ಎಂಬ ಮಾತು ಬೈಗುಳವಾಗಿ ಉಳಿಯಲಿಲ್ಲ.

ಚಾರ್ಲ್ಸ್ ಪಾರ್ಸನ್ಸ್ ಕೂಡ ಈ ದಾರಿಯಲ್ಲೇ ನಡೆದವನು. ತನ್ನ ಉಗಿ ಟರ್ಬೈನನ್ನು ಹಡಗಿಗೆ ಅಳವಡಿಸುವ ಮೊದಲು ಆತ ಎರಡಡಿಯ ಮಾದರಿಯನ್ನು ಗಾಳದ ಕೋಲಿಗೆ ದಾರ ಕಟ್ಟಿ ಕೊಳದಲ್ಲಿ ಎಳೆದು ನೋಡಿದ. ಆರಡಿಯ ಇನ್ನೊಂದನ್ನು ಹುರಿಗೊಳಿಸಿದ ರಬ್ಬರಿನಿಂದ ಓಡಿಸಿದ. 1894ರಲ್ಲಿ ನೀರಿಗಿಳಿದ 'ಟರ್ಬಿನಿಯಾ' ಮೊದಲು 20 ನಾಟ್ ವೇಗವನ್ನೂ ಮುಟ್ಟಲಿಲ್ಲ. ಪ್ರೊಪೆಲರ್ ಅತಿ ಬಿರುಸಾಗಿ ತಿರುಗಿ, ತನ್ನ ಸುತ್ತ ಗುಳ್ಳೆಗಳನ್ನೆಬ್ಬಿಸಿ, ನೀರಿನ ಹಿಡಿತವನ್ನೇ ಕಳೆದುಕೊಳ್ಳುತ್ತಿತ್ತು. ಪಾರ್ಸನ್ಸ್ ಮತ್ತೆ ಸಣ್ಣದಕ್ಕೇ ಮರಳಿದ. ಎರಡಂಗುಲದ ಪ್ರೊಪೆಲರನ್ನು ಬಿಸಿನೀರಿನಲ್ಲಿ ತಿರುಗಿಸಿ ಗುಳ್ಳೆಗಳ ಗುಟ್ಟನ್ನು ಕಂಡ. ಬಳಿಕ ಮೂರು ದಂಡಗಳಿಗೆ ಒಂಬತ್ತು ಪ್ರೊಪೆಲರುಗಳನ್ನು ಹೂಡಿದ. 1897ರ ಜೂನ್ 26ರಂದು, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ನೌಕಾ ಪ್ರದರ್ಶನದಲ್ಲಿ, ಟರ್ಬಿನಿಯಾ ಯುದ್ಧನೌಕೆಗಳ ಸಾಲುಗಳ ನಡುವೆ ಮಿಂಚಿನಂತೆ ನುಗ್ಗಿತು. ಬೆನ್ನಟ್ಟಿದ ಕಾವಲು ದೋಣಿಗಳಿಗೆ ಅದು ಸಿಗಲಿಲ್ಲ. ಅದು ಮುಟ್ಟಿದ ವೇಗ ಸುಮಾರು 34 ನಾಟ್. ನಮ್ಮ ಲೆಕ್ಕದಲ್ಲಿ ಗಂಟೆಗೆ 63 ಕಿಲೋಮೀಟರ್.

ಮರುವರ್ಷವೇ, 1898ರಲ್ಲಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನಿನಲ್ಲಿ ನಿಕೋಲಾ ಟೆಸ್ಲಾ ಒಂದು ಸಣ್ಣ ದೋಣಿಯನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಮುಟ್ಟದೆ, ತಂತಿಯಿಲ್ಲದೆ ನಡೆಸಿ ತೋರಿಸಿದ. ನೋಡಿದವರಲ್ಲಿ ಕೆಲವರು ಅದನ್ನು ಮಾಟವೆಂದೂ, ಒಳಗೆ ಪಳಗಿದ ಕೋತಿಯಿದೆಯೆಂದೂ ಆಡಿಕೊಂಡರೆಂದು ಹೇಳುತ್ತಾರೆ. ಆ ವರ್ಷದ ನವೆಂಬರ್ 8ರಂದು ಅವನಿಗೆ ಪೇಟೆಂಟು ದೊರೆಯಿತು. ನಮ್ಮ ಹುಡುಗನ ಕೈಯಲ್ಲಿದ್ದ ಪೆಟ್ಟಿಗೆ ಆ ವಂಶದ್ದು.

ಇಷ್ಟು ಓದಿ ನನ್ನಾಕೆಯ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಬೀಗುತ್ತಿದ್ದೆ. ಮುಂದಿನ ಪುಟಗಳು ಆ ಬೀಗುವಿಕೆಯನ್ನು ಅಡಗಿಸಿದವು.

ಜಾನ್ ಕಾಬ್ ಎಂಬಾತ ನೀರಿನ ಮೇಲಣ ವೇಗದ ದಾಖಲೆಗಾಗಿ ಕಟ್ಟಿಸಿದ 'ಕ್ರುಸೇಡರ್' ದೋಣಿಯ ಮಾದರಿಗಳನ್ನೂ ಮೊದಲೇ ಪರೀಕ್ಷಿಸಿದ್ದರು. 1952ರ ಸೆಪ್ಟೆಂಬರ್ 29ರಂದು ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದಲ್ಲಿ ಅದು ಗಂಟೆಗೆ 320 ಕಿಲೋಮೀಟರನ್ನು ಮೀರಿ ಓಡಿ, ಅಲೆಗಳಿಗೆ ಸಿಕ್ಕಿ, ಒಡೆದು ಚೂರಾಯಿತು, ಕಾಬ್ ಸತ್ತ. 1967ರ ಜನವರಿ 4ರಂದು ಕಾನಿಸ್ಟನ್ ಸರೋವರದಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ತನ್ನ 'ಬ್ಲೂಬರ್ಡ್' ದೋಣಿಯನ್ನು ಮೊದಲ ಓಟದಲ್ಲಿ ಗಂಟೆಗೆ ಸುಮಾರು 479 ಕಿಲೋಮೀಟರ್ ವೇಗದಲ್ಲಿ ಓಡಿಸಿದ. ಇನ್ನೊಂದು ಓಟ ಬಾಕಿ. ಆತ ಹೆಚ್ಚು ಕಾಯಲಿಲ್ಲ, ತಿರುಗಿಸಿ ಹೊರಟ. ದೋಣಿ ಮೂತಿಯೆತ್ತಿತು, ಗಾಳಿಯಲ್ಲಿ ಮಗುಚಿತು, ನೀರಿಗಪ್ಪಳಿಸಿ ಮುಳುಗಿತು. ಅವನ ದೇಹ ಸಿಕ್ಕಿದ್ದು 34 ವರ್ಷಗಳ ನಂತರ, 2001ರಲ್ಲಿ. ಆತನ ಸಾವಿಗೆ ಒಂದೇ ಕಾರಣವನ್ನು ಹೇಳಲಾಗದು. ಆದರೆ ಮೊದಲ ಓಟದ ಅಲೆಗಳು ಆಗ ಪೂರ್ತಿ ಅಡಗಿರಲಿಲ್ಲವೆಂಬುದು ಹಲವರ ಅಭಿಪ್ರಾಯ.

ಓದುತ್ತಿದ್ದಂತೆ ಕೆರೆಯಲ್ಲಿ ಲಾಗ ಹಾಕಿದ ದೋಣಿ ಕಣ್ಣಿಗೆ ಕಟ್ಟಿತು. ವೇಗ ಇಮ್ಮಡಿಯಾದರೆ ಒಡಲಿನಡಿ ನುಗ್ಗುವ ಗಾಳಿಯ ಎತ್ತುವ ಬಲ ನಾಲ್ಮಡಿಯಾಗುತ್ತದೆ. ಮೂತಿ ಒಂದಿಷ್ಟು ಮೇಲೆದ್ದರೆ ಮತ್ತೆ ಕೆಳಗಿಳಿಯುವುದಿಲ್ಲ. ಹುಡುಗನ ದೋಣಿಗೂ ಕ್ಯಾಂಪ್‌ಬೆಲ್ಲನ ದೋಣಿಗೂ ಈ ನ್ಯಾಯ ಒಂದೇ. ಭೇದವಿಷ್ಟೆ: ಹುಡುಗನ ದೋಣಿಯೊಳಗೆ ಯಾರೂ ಕುಳಿತಿರಲಿಲ್ಲ. ಆಟಿಕೆಯ ಹಿರಿಮೆ ಅದು ದೊಡ್ಡದರಂತೆಯೇ ಓಡುತ್ತದೆ ಎಂಬುದಷ್ಟರಲ್ಲೇ ಇಲ್ಲ. ಅದು ನೂರು ಸಲ ಮಗುಚಿ ನೂರು ಸಲ ಮನೆಗೆ ಮರಳಬಲ್ಲದು. ಮನುಷ್ಯನಿಗೆ ಆ ಸೌಲಭ್ಯವಿಲ್ಲ.

ಮುಂದಿನ ಭಾನುವಾರ ಮತ್ತೆ ಕೆರೆಗೆ ಹೋದೆವು. ಹುಡುಗ ಬ್ಯಾಟರಿಯನ್ನು ಮೂತಿಯ ಕಡೆಗೆ ಎರಡಂಗುಲ ಸರಿಸಿ ಕೂರಿಸಿದ್ದ. ದೋಣಿ ಹೋಗುವಾಗ 5.5 ಸೆಕೆಂಡು. ಆಮೇಲೆ ಅವನು ಸುಮ್ಮನೆ ನಿಂತ. ಅಲೆಗಳು ದಡಕ್ಕೆ ಬಂದು ಬಡಿದು, ಹಿಂದಿರುಗಿ, ಸಣ್ಣಗಾಗಿ, ಆಚೆ ದಡದ ತೆಂಗಿನ ಮರಗಳ ನೆರಳು ನೀರಿನಲ್ಲಿ ನೆಟ್ಟಗೆ ಕಾಣುವವರೆಗೆ ಇಬ್ಬರೂ ಮಾತಾಡಲಿಲ್ಲ. "ಈಗ ಬಿಡಲೆ, ಚಿಕ್ಕಪ್ಪ?" ಎಂದ. "ಬಿಡು" ಎಂದೆ.

ಬರುವಾಗ 6 ಸೆಕೆಂಡು. ಲೆಕ್ಕ ಹಾಕಿದರೆ ಗಂಟೆಗೆ 62 ಕಿಲೋಮೀಟರಿನ ಮೇಲಾಯಿತು. ಹೆಚ್ಚು ಕಡಮೆ ಟರ್ಬಿನಿಯಾದ ವೇಗ. ಮನೆಗೆ ಬಂದು ನನ್ನಾಕೆಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿದಳು. ಕೊನೆಗೆ, "ಕಾಯುವುದನ್ನು ಕಲಿಯುವುದಕ್ಕೆ ಇಷ್ಟು ದೂರ ಹೋಗಬೇಕಿತ್ತೆ?" ಎಂದು ಹೇಳಿ ಕಾಫಿ ತರಲು ಒಳಗೆ ಹೋದಳು.