ಬೋಟಿನ ವೈರ್‌ಲೆಸ್ ಕರಕರ ಎಂದರೆ ಎಲ್ಲಕ್ಕೂ ‘ಅರ್ಥ್’ ಕೊಟ್ಟರೆ ಸಾಕೇ?

ಬೋಟಿನ ವೈರ್‌ಲೆಸ್ ಸೆಟ್ ಕರಕರ ಎನ್ನುತ್ತದೆ, ಫಿಶ್‌ಫೈಂಡರ್ ಪರದೆಯ ತುಂಬ ಚುಕ್ಕೆಗಳು. “ಪ್ರತಿ ಸೆಟ್‌ಗೂ ಒಂದು ಅರ್ಥ್ ವೈರ್ ಎಳೆದು ಎಂಜಿನ್‌ಗೋ ಬೋಟಿನ ಕಬ್ಬಿಣಕ್ಕೋ ಕಟ್ಟಿಬಿಡಿ, ಸರಿಹೋಗುತ್ತೆ” ಎಂಬ ಸಲಹೆ ಮಲ್ಪೆ, ಮಂಗಳೂರಿನಂಥ ಬಂದರಿನಲ್ಲೂ ಸಿಗುತ್ತದೆ, ಮೊಬೈಲ್‌ನಲ್ಲೂ ಸಿಗುತ್ತದೆ. ಇದು ನಿಜವೇ? ಅರ್ಧ ಮಾತ್ರ. ತಪ್ಪಾಗಿ ಕಟ್ಟಿದ ಅರ್ಥ್ ಸದ್ದನ್ನು ಹೆಚ್ಚಿಸಬಹುದು, ಬೋಟಿನ ಲೋಹವನ್ನೂ ತಿಂದುಹಾಕಬಹುದು.

ಸದ್ದು ಬರುವುದೆಲ್ಲಿಂದ?

ಹೆಚ್ಚಿನ ಸಲ ಕಳ್ಳ ಬೋಟಿನೊಳಗೇ ಇರುತ್ತಾನೆ. ಆಲ್ಟರ್ನೇಟರ್, ಇನ್ವರ್ಟರ್, ಬ್ಯಾಟರಿ ಚಾರ್ಜರ್, ಪಂಪಿನ ಮೋಟಾರ್, ಎಲ್‌ಇಡಿ ದೀಪ ಇವೆಲ್ಲ ರೇಡಿಯೋ ಅಲೆಗಳನ್ನು ಕದಡುತ್ತವೆ. ಎಲ್‌ಇಡಿ ದೀಪಗಳಿಂದ ವಿಎಚ್‌ಎಫ್ ರೇಡಿಯೋ ಮತ್ತು ಎಐಎಸ್‌ಗೆ ಅಡ್ಡಿಯಾಗುತ್ತಿದೆ ಎಂದು ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ಸುರಕ್ಷತಾ ಎಚ್ಚರಿಕೆಯನ್ನೇ ಹೊರಡಿಸಿತ್ತು.

ಪರೀಕ್ಷೆ ಸುಲಭ. ದೀಪ ಆರಿಸಿ, ಯಾರೂ ಮಾತಾಡದ ಚಾನೆಲ್‌ಗೆ ಹೋಗಿ. ಸ್ಕ್ವೆಲ್ಚ್ ಗುಬ್ಬಿಯನ್ನು ಸದ್ದು ಕೇಳುವವರೆಗೆ ತಿರುಗಿಸಿ, ನಂತರ ಸದ್ದು ನಿಲ್ಲುವಷ್ಟೇ ಹಿಂದಕ್ಕೆ ತನ್ನಿ. ಈಗ ದೀಪ ಹಾಕಿ. ಮತ್ತೆ ಸದ್ದು ಬಂದರೆ ಕಾರಣ ಆ ದೀಪವೇ. ಪಂಪು, ಇನ್ವರ್ಟರ್‌ಗಳನ್ನೂ ಹೀಗೆಯೇ ಒಂದೊಂದಾಗಿ ಹಾಕಿ ನೋಡಬಹುದು. ಎಂಜಿನ್ ವೇಗದ ಜೊತೆ ಸದ್ದಿನ ಸ್ವರವೂ ಏರಿದರೆ ಆಲ್ಟರ್ನೇಟರ್ ಮೇಲೆ ಅನುಮಾನ ಪಡಿ.

‘ಅರ್ಥ್’ ಎಂದರೆ ಒಂದೇ ಅಲ್ಲ

ಮನೆಯಲ್ಲಿ ಅರ್ಥ್ ಇರುವುದು ಶಾಕ್ ತಪ್ಪಿಸಲು. ಬೋಟಿನಲ್ಲಿ ಈ ಹೆಸರಿನಡಿ ಹಲವು ಕೆಲಸಗಳಿವೆ: 12 ಅಥವಾ 24 ವೋಲ್ಟ್ ಕರೆಂಟ್ ಹಿಂತಿರುಗುವ ನೆಗೆಟಿವ್, ನೀರಿನಡಿಯ ಲೋಹಗಳ ಸವೆತ ತಡೆಯುವ ಜೋಡಣೆ, ಸಿಡಿಲಿಗೆ ದಾರಿ, ದೂರದ ಎಚ್‌ಎಫ್ ರೇಡಿಯೋಗೆ ಬೇಕಾದ ಅರ್ಥ್. ಬೋಟಿಗೆಂದೇ ಮಾಡಿದ ಬಹುತೇಕ ವಿಎಚ್‌ಎಫ್ ಆಂಟೆನಾಗಳಿಗೆ ಪ್ರತ್ಯೇಕ ಅರ್ಥ್ ಬೇಕಿಲ್ಲ.

ಪಂಪು ಮತ್ತು ರೇಡಿಯೋ ಒಂದೇ ನೆಗೆಟಿವ್ ವೈರ್ ಹಂಚಿಕೊಂಡಿವೆ ಎನ್ನಿ. ತುಕ್ಕು ಹಿಡಿದ ಜಾಯಿಂಟ್‌ನಲ್ಲಿ 0.05 ಓಮ್ ತಡೆ ಇದ್ದು, ಪಂಪು 10 ಆಂಪಿಯರ್ ಎಳೆದರೆ ಅಲ್ಲಿ 0.5 ವೋಲ್ಟ್ ಬೀಳುತ್ತದೆ. ಪಂಪಿನ ಏರಿಳಿತವೆಲ್ಲ ರೇಡಿಯೋಗೂ ತಲುಪುತ್ತದೆ. ಹೆಚ್ಚುವರಿ ಅರ್ಥ್ ವೈರ್ ಕಟ್ಟಿದರೆ ಕರೆಂಟ್‌ಗೆ ಎರಡನೇ ದಾರಿ ಸಿಕ್ಕಿ, ವೈರುಗಳ ನಡುವೆ ಒಂದು ಸುತ್ತು ಉಂಟಾಗುತ್ತದೆ. ಈ ಸುತ್ತೂ ಸದ್ದನ್ನು ಹಿಡಿಯುತ್ತದೆ.

ಸ್ಟೀಲ್ ಬೋಟಿನಲ್ಲಿ ವೈರ್ ಉಳಿಸಲು ಬೋಟಿನ ಮೈಯನ್ನೇ ನೆಗೆಟಿವ್ ಆಗಿ ಬಳಸುವುದು ಇನ್ನೂ ಅಪಾಯ. ಆ ಕರೆಂಟ್ ಲೋಹದಿಂದ ಉಪ್ಪುನೀರಿಗೆ ಸೋರಿದರೆ, ಹೊರಟ ಜಾಗದಲ್ಲಿ ಲೋಹ ಕರಗುತ್ತದೆ. ಇದು ಸಾಮಾನ್ಯ ತುಕ್ಕಿಗಿಂತ ಬಹಳ ವೇಗ.

ಶೀಲ್ಡ್ ಅನ್ನು ಎಷ್ಟು ಕಡೆ ಕಟ್ಟಬೇಕು?

ಕೇಬಲ್ ಒಳಗಿನ ಜಾಲರಿ ಹೊದಿಕೆಯೇ ಶೀಲ್ಡ್. ಹೊರಗಿನ ಸದ್ದನ್ನು ತಾನು ಹಿಡಿದು ಒಳಗಿನ ವೈರ್ ಕಾಯುವುದು ಅದರ ಕೆಲಸ. ಸಿಗ್ನಲ್ ಕೇಬಲ್‌ನಲ್ಲಿ ಸಾಮಾನ್ಯವಾಗಿ ಒಂದು ತುದಿಯನ್ನಷ್ಟೇ ಜೋಡಿಸುತ್ತಾರೆ. ಎನ್‌ಎಂಇಎ 0183 ಕೇಬಲ್‌ನಲ್ಲಿ ಮಾಹಿತಿ ಕಳಿಸುವ ಉಪಕರಣದ ಕಡೆ ಮಾತ್ರ. ಎನ್‌ಎಂಇಎ 2000 ಜಾಲದಲ್ಲಿ ಇಡೀ ಬೋಟಿಗೆ ಒಂದೇ ಕಡೆ, ಪವರ್ ಕೊಡುವ ಜಾಗದಲ್ಲಿ.

ಆದರೆ ವಿಎಚ್‌ಎಫ್ ಆಂಟೆನಾದ ಕೋಆ್ಯಕ್ಸಿಯಲ್ ಕೇಬಲ್‌ಗೆ ಈ ನಿಯಮ ಹಾಕಬೇಡಿ. ಅದರ ಜಾಲರಿಯೂ ಸಿಗ್ನಲ್‌ನ ದಾರಿಯೇ. ಎರಡೂ ತುದಿಯ ಕನೆಕ್ಟರ್ ಗಟ್ಟಿಯಾಗಿರಬೇಕು, ನೀರು ಇಳಿಯಬಾರದು.

ಏನು ಮಾಡಬೇಕು?

• ರೇಡಿಯೋ, ಜಿಪಿಎಸ್, ಫಿಶ್‌ಫೈಂಡರ್‌ಗಳಿಗೆ ಫ್ಯೂಸ್ ಸಹಿತ ಪ್ರತ್ಯೇಕ ಪಾಸಿಟಿವ್ ಮತ್ತು ನೆಗೆಟಿವ್ ವೈರ್ ಕೊಡಿ. ನೆಗೆಟಿವ್‌ಗಳೆಲ್ಲ ಒಂದೇ ಬಸ್‌ಬಾರ್‌ನಲ್ಲಿ ಸೇರಲಿ.
• ಪಾಸಿಟಿವ್, ನೆಗೆಟಿವ್ ವೈರ್‌ಗಳನ್ನು ಒಂದಕ್ಕೊಂದು ಹೆಣೆದು ಎಳೆಯಿರಿ. ದಿಕ್ಸೂಚಿಯ ಹತ್ತಿರ ಇದು ಇನ್ನೂ ಮುಖ್ಯ.
• ಪಂಪಿನ ವೈರ್ ಮತ್ತು ಫಿಶ್‌ಫೈಂಡರ್ ಟ್ರಾನ್ಸ್‌ಡ್ಯೂಸರ್ ಕೇಬಲ್ ಒಂದೇ ಕಟ್ಟಿನಲ್ಲಿ ಬೇಡ. ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ.
• ತವರ ಲೇಪಿತ ತಾಮ್ರದ ವೈರ್ ಬಳಸಿ. ತುಕ್ಕು ಹಿಡಿದ ಜಾಯಿಂಟ್ ಬದಲಿಸಿ.
• ಆಮೇಲೂ ಸದ್ದಿದ್ದರೆ, ಸದ್ದು ಮಾಡುವ ಉಪಕರಣದ ವೈರ್‌ಗೆ ಫೆರೈಟ್ ಕ್ಲಿಪ್ ಹಾಕಿ.
• 230 ವೋಲ್ಟ್‌ನ ಜನರೇಟರ್, ಇನ್ವರ್ಟರ್‌ಗಳ ಸುರಕ್ಷತಾ ಅರ್ಥ್ ಅನ್ನು ಸದ್ದು ಹೋಗಲೆಂದು ಎಂದಿಗೂ ಕತ್ತರಿಸಬೇಡಿ. ಅದು ಪ್ರಾಣಕ್ಕೇ ಅಪಾಯ.

ಇದೆಲ್ಲ ಏಕೆ ಮುಖ್ಯ? ತುರ್ತು ಕರೆ ಬರುವುದು ಚಾನೆಲ್ 16ರಲ್ಲಿ, ಅಂದರೆ 156.8 ಮೆಗಾಹರ್ಟ್ಸ್‌ನಲ್ಲಿ. ಸದ್ದು ಕೇಳಬಾರದೆಂದು ಸ್ಕ್ವೆಲ್ಚ್ ಪೂರ್ತಿ ಏರಿಸಿಟ್ಟರೆ, ದೂರದ ಬೋಟಿನ ಕ್ಷೀಣ ಕೂಗೂ ಸದ್ದಿನ ಜೊತೆಗೇ ಮುಚ್ಚಿಹೋಗುತ್ತದೆ.

ತೀರ್ಮಾನ: ‘ಎಲ್ಲಕ್ಕೂ ಅರ್ಥ್ ಕಟ್ಟಿ’ ಎಂಬುದು ದಾರಿ ತಪ್ಪಿಸುವ ಸಲಹೆ. ಮೊದಲು ಸದ್ದಿನ ಮೂಲ ಹುಡುಕಿ, ಆಮೇಲೆ ವೈರ್ ಮುಟ್ಟಿ. ನಿಮ್ಮ ಪರಿಚಯದ ಬೋಟ್ ಮಾಲೀಕರಿಗೂ ತಾಂಡೇಲರಿಗೂ ಇದನ್ನು ಕಳಿಸಿ. ಸಮುದ್ರದಲ್ಲಿ ತುರ್ತು ನೆರವಿಗೆ ಭಾರತೀಯ ಕೋಸ್ಟ್ ಗಾರ್ಡ್‌ನ ಉಚಿತ ಸಂಖ್ಯೆ 1554 ಎಂಬುದನ್ನೂ ಜೊತೆಗೆ ತಿಳಿಸಿ.